ತಕ್ಕಡಿ ಜಗ್ಗದ ರಮಜಾನ್

ಆ ಕಾಲಕ್ಕ ಹುಬ್ಬಳ್ಳಿ ಪ್ಯಾಟ್ಯಾಗ ನಂದೊಂದು ಬಳಿ ಅಂಗಡಿ ಇತ್ತು. ಬೆಳಗಿಂದ ಸಂಜೀತನಾ ಗಾದಿ ಮ್ಯಾಲೆ ಕೂತು ಹೆಣ್ಮಕ್ಕಳಿಗೆ ಬಳಿ ಇಡಸೋದು, ಹಸಿವಾದ್ರ ಉಣ್ಣೋದು, ಅಷ್ಟ ಉದ್ಯೋಗ. ಮೈ ಬೆಳೀದ ಏನ ಮಾಡೀತು? ಮೊಣಕಾಲು ಎರಡೂ ಮುನಿಸಿಕೊಂಡು ಬಗ್ಗೋದನ್ನ ಬಿಟ್ಟವು. ಈದ್ ನಮಾಜಿಗೆ ನಾ ಮುದುಕರ ಸಂಗಾಟ ಸಾಲಿನ ತುದಿಗೆ ಸ್ಟೂಲ ಹಾಕ್ಕೊಂಡು ಕೂಡೋ ಹಂಗಾತು. ನಮ್ಮಪ್ಪ, ನರಪೇತಲ ಮುದುಕ, ಮುಂದಿನ ಸಾಲಿನ್ಯಾಗ ಸರಕ್ಕನ ಬಗ್ಗಿ ನೆಲಕ್ಕ ಹಣಿ ಹಚ್ಚತಿದ್ದ. ನಾಚಿಕಿಗೆ ಸತ್ತ ಹೋಗತಿದ್ದೆ, ಖರೇ ಹೇಳತೇನಿ. ಮನಿಗೆ ಬಂದ್ರ ಅಮ್ಮ ಬಾಗಲದಾಗ ನಿಂತು, "ಈ ಸಲಾನೂ ಸ್ಟೂಲ್ ಮ್ಯಾಲೆನಪಾ?" ಅಂತ ಮೆಲ್ಲಕ ಕೇಳಾಕಿ.

"ಬರೋ ಈದಿಗೆ ನನ್ನ ಬಾಜೂಕ ನಿಲ್ಲು," ಅಂದ ಅಪ್ಪ. "ನನಗೂ ವಯಸ್ಸಾತು."

ತೂಕ ಇಳಿದ್ರ ಮೊಣಕಾಲು ತಾವ ಮಾತು ಕೇಳತಾವ ಅಂದ್ರು ಡಾಕ್ಟರು. ಮರುದಿನದಿಂದ ರಾಯಾಪುರದ ಹಾದಿ ಹಿಡದು ನಡಿಯಾಕ ಸುರು ಮಾಡಿದೆ. ಎದುರಿನ ಮೆಣಸಿನಕಾಯಿ ಅಡತಿ ಅಂಗಡಿ ಸಾವಕಾರ ನನ್ನ ಗೆಳೆಯ. ಶುಕ್ರವಾರಕ್ಕೊಮ್ಮೆ ಅವನ ದೊಡ್ಡ ತಕ್ಕಡಿ ಪರಡಿಯೊಳಗ ನಾ ಕೂಡೋದು, ಆ ಕಡೆ ಅಂವ ಕಲ್ಲು ಏರಸೋದು. ಮೊದಲನೇ ಕಲ್ಲಿಗೆ 'ಒಂದು' ಅನ್ನಂಗಿಲ್ಲ, 'ಲಾಭ' ಅನ್ನಬೇಕು, ಅದು ಅಡತಿ ಪದ್ಧತಿ.

"ನಂಗ ಲಾಭ ಬ್ಯಾಡ್ರಿ ಸಾವಕಾರ್ರ, ನಷ್ಟ ಬೇಕು!" ಅಂತ ನಾ ಒದರಾಂವ.

"ಸೀನಬ್ಯಾಡ್ರಿ ಸಾಹೇಬ್ರ, ನನ್ನ ತಕ್ಕಡಿ ಹರದೀತು!" ಅನ್ನಾಂವ ಅಂವ. ಆ ಮೆಣಸಿನಕಾಯಿ ಘಾಟಿನ್ಯಾಗ ಸೀನದ ಇರಾಕ ಆಗತದೇನ್ರಿ? ತೂಕ ಮುಗದ ಮ್ಯಾಲೆ ಇಬ್ಬರು ಹಮಾಲರು ರಟ್ಟಿ ಹಿಡದು ನನ್ನ ಎಬ್ಬಸತಿದ್ರು.

ಮೊದಮೊದಲು ಕಲ್ಲು ಇಳದವು. ಆಮ್ಯಾಲೆ ನಿಂತವು ನೋಡ್ರಿ, ಹಟಮಾರಿ ಕತ್ತೆಯಂಗ! ರಮಜಾನ್ ಬರಲಿ, ತಿಂಗಳ ಉಪವಾಸದಾಗ ಬೆಣ್ಣಿಯಂಗ ಕರಗತೇನಿ ಅಂತ ಮನಸಿನ್ಯಾಗ ಮಂಡಿಗಿ ತಿಂದೆ. ರಮಜಾನೂ ಬಂತು. ಆದ್ರ ಸಂಜಿಗೆ ರೋಜಾ ಬಿಡೋ ಹೊತ್ತಿಗೆ ಅಮ್ಮ, "ಇಡೀ ದಿನ ಹಸದದ ನನ್ನ ಕೂಸು" ಅಂತ ಖಜೂರ, ಭಜಿ, ಸಮೋಸಾ, ಖೀರು ತಂದ ಇಡಾಕಿ. ಒಲ್ಲೆ ಅಂದ್ರ ಕಣ್ಣಾಗ ನೀರು. ಹಗಲು ಕರಗಿದ್ದು ಸಂಜಿಗೆ ವಾಪಸ್ ಬರತಿತ್ತು.

ಕಡೀ ಶುಕ್ರವಾರ ತಕ್ಕಡಿ ಹತ್ತಿದೆ. ಮತ್ತ ಅವ ಅಷ್ಟೂ ಕಲ್ಲು! ನನಗ ಅಸಾಧ್ಯ ಸಿಟ್ಟು ಬಂತು. "ಸಾಕ್ರಿ, ನಾಳಿಂದ ನಡಿಯಾಂವಲ್ಲ ನಾ. ಸ್ಟೂಲ ನನ್ನ ಹಣ್ಯಾಗ ಬರದದ," ಅಂತ ದಡಕ್ಕನ ಎದ್ದು ಹೊಂಟೆ.

ಸಾವಕಾರ ಹೊಟ್ಟಿ ಹಿಡಕೊಂಡು ನಗಾಕತ್ತಿದ.

"ಅಲ್ರಿ, ನಿಮ್ಮ ತಾಯಿ ಕೈ ಅಡಗಿ ತಿಂಗಳೂ ಉಂಡು ತೂಕ ಏರಿಲ್ಲಲ್ಲ, ಅದೇನ ಸಣ್ಣ ಮಾತಾ? ಅದಿರಲಿ, ಈಗ ನಿಮ್ಮನ್ನ ಎಬ್ಬಿಸಿದವರು ಯಾರ್ರಿ?"

ಹಮಾಲರು ದೂರದಾಗ ಚೀಲ ಹೊಲಕೋತ ಕೂತಿದ್ರು. ನಾನ ಎದ್ದಿದ್ದೆ! ಎಲಾ ಇವನ! ಅವತ್ತ ಸಂಜಿನೂ ರಾಯಾಪುರದ ಹಾದಿ ಹಿಡದೆ.

ಈದಿನ ದಿನ ಈದಗಾ ಮೈದಾನದಾಗ ಅಪ್ಪನ ಬಾಜೂಕ ನಿಂತೆ. ಎಲ್ಲಾರೂ ಬಗ್ಗಿದ್ರು. ಮೊಣಕಾಲು ಕಟಕಟ ಅಂದವು, ನೊಂದವು, ಆದ್ರ ಬಗ್ಗಿದವು. ನನ್ನ ಗಾತ್ರಕ್ಕ ಜಮಖಾನಿ ಸಾಲಲಿಲ್ಲ, ಹಣಿ ಹೋಗಿ ಹಸಿ ಮಣ್ಣಿಗೆ ತಾಗಿತು. ಆ ಮಣ್ಣಿನ ತಂಪು! ಅಲ್ಲೇ ಅತ್ತಬಿಟ್ಟೆ.

ನಮಾಜ್ ಮುಗದ ಮ್ಯಾಲೆ ಅಪ್ಪ ನನ್ನ ಅಪ್ಪಿಕೊಂಡ, ಅಂವನ ಎರಡೂ ಕೈ ನನ್ನ ಬೆನ್ನಿನ ಹಿಂದ ಒಂದಕ್ಕೊಂದು ಮುಟ್ಟಲಿಲ್ಲ. "ಭೂಮಿ ನಡುಗಿತಲ್ಲೋ!" ಅಂತ ನಕ್ಕ. ನಾ ಹಣಿ ಮಣ್ಣು ಒರಸಾಕ ಕೈ ಎತ್ತಿದ್ರ, ಗಪ್ಪನ ಕೈ ಹಿಡದ.

"ಒರಸಬ್ಯಾಡ. ಬಾಗಲದಾಗ ನಿಮ್ಮಮ್ಮ ನಿಂತಿರತಾಳ. ಆಕಿ ನೋಡ್ಲಿ."