ವಿಭೂತಿ ಹಚ್ಚಿಕೊಂಡ ದೆವ್ವ

ನಿಲಂಗಾದಲ್ಲಿ ವಿಭೂತಿ ಹಚ್ಚಿಕೊಂಡ ದೆವ್ವವನ್ನು ಕಣ್ಣಾರೆ ಕಂಡೆ. ತಾಕತ್ತಿದ್ದರೆ ನಂಬದೆ ಇರಿ.

ಅಲ್ಲಿನ ಟಾಕೀಸಿನಲ್ಲಿ ಹ್ಯಾಲೊವೀನ್ ಅಂತ ವಾರವಿಡೀ ಹಳೆಯ ದೆವ್ವದ ಸಿನಿಮಾಗಳು. ಗೋಡೆಗೆ ಆ ಕಾಲದ, ಕೈಯಲ್ಲಿ ಬರೆದ ಪೋಸ್ಟರನ್ನೇ ಅಂಟಿಸಿದ್ದರು. ಮ್ಯಾಟಿನಿಗೆ ಮೊದಲು ಒಬ್ಬ ಮುದುಕಿ ಅದರೊಳಗಿನ ಹೆಣ್ಣುದೆವ್ವದ ಹಣೆಗೆ ಮೂರು ಬೆರಳಿನಿಂದ ವಿಭೂತಿ ಎಳೆಯುತ್ತಿದ್ದಳು. ಹೆದರಿಸುವುದರಲ್ಲಿ ನನ್ನನ್ನು ಮೀರಿಸಿದವರಿಲ್ಲ. ಮೆಲ್ಲಗೆ ಹಿಂದೆ ನಿಂತು, “ಕೈ ಹಿಡೀತದ ನೋಡ್ರಿ ದೆವ್ವ” ಅಂದೆ.

“ಹಿಡೀಲಿ ಬಿಡ್ರಿ, ನಂದೇ ಮಾರಿ ಅದು.”

ತಿರುಗಿದಳು. ಅದೇ ಮುಖ, ಹಲ್ಲು ಮಾತ್ರ ಕಡಿಮೆ.

“ನಮ್ಮನಿಯವರು ಬರದದ್ದುರೀ. ನನ್ನ ಎದುರಿಗಿ ಕುಂದರ್ಸಿಕೊಂಡು ಬರದ್ರು. ದೆವ್ವ ಅಂತ ವಿಭೂತಿ ಇಲ್ದ ಹಣಿ ಖಾಲಿ ಬಿಟ್ರು. ಈಗ ಅವರಿಲ್ಲ. ಅವರ ಕೈಯಾಂದು ಇದೊಂದೇ ಉಳದದ.”

ಟಾಕೀಸಿನ ಮಾಲೀಕ ಹೊರಗೆ ಬಂದ. “ಮಾವಶಿ, ನಾಳಿ ಇದರ ಮ್ಯಾಲ ಹೊಸಾ ಪಿಕ್ಚರಿಂದು ಹಚ್ಚತೀವ್ರಿ.”

“ಹಚ್ಚೋಕಿಂತ ಮೊದಲ ನನಗ ಕೊಡಪಾ.”

ಅವನು ನೀರು ಚಿಮುಕಿಸಿ, ಹರಿಯದಂತೆ ಪೋಸ್ಟರ್ ಬಿಡಿಸಿ, ಸುರುಳಿ ಸುತ್ತಿ ಅವಳ ಕೈಗೆ ಕೊಟ್ಟ.

ಉದಗೀರಿನ ಬಸ್ಸಿನಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ. ಇದರಲ್ಲಿ ನಾನು ಕಟ್ಟಿ ಹೇಳಿದ ಸುಳ್ಳು ಒಂದೇ. ನಿಜವಾಗಿ ಅವನು ಪೋಸ್ಟರ್ ಕೊಡಲಿಲ್ಲ.