ಆಡಿನಕ್ಕ

ಅವರ ಬಲ ಅಂಗೈಯ ನಟ್ಟನಡುವೆ ಹುಣಸೆಬೀಜದಷ್ಟು ದೊಡ್ಡ ಕಪ್ಪು ಮಚ್ಚೆಯಿತ್ತು. ಆ ಅಂಗೈಯನ್ನು ನಮ್ಮ ಬಾಯಿಯ ಮುಂದೆ ಹಿಡಿದು, "ಹಾ ಅನ್ನು. ಉಸಿರು ಈ ಮಚ್ಚೆಗೆ ತಾಗಬೇಕು," ಎನ್ನುತ್ತಿದ್ದರು. ನಾವು ಗಂಟಲು ಹರಿಯುವ ಹಾಗೆ "ಆ" ಎನ್ನುತ್ತಿದ್ದೆವು. "ತಾಗಲೇ ಇಲ್ಲ ಮಾರಾಯ್ತಿ!" ಎಂದು ನಗುತ್ತಿದ್ದರು.

ಮಂಗಳೂರು ಕಡೆಯವರು, ಮೈಸೂರಿನ ಶಾಲೆಯೊಂದರಲ್ಲಿ ಟೀಚರು. ತೊಂಬತ್ತರ ದಶಕದ ನಡುವಿನ ಒಂದು ಬೇಸಿಗೆ ರಜೆಯಲ್ಲಿ ಅವರ ಚರ್ಚಿನ ಆರು ಜನ ಶೀಳನೆರೆ ಪಕ್ಕದ ನಮ್ಮೂರಿಗೆ ಬಂದು, ಶಾಲೆಯ ಜಗಲಿಯಲ್ಲಿ ಹತ್ತು ದಿನ ಮಕ್ಕಳ ಶಿಬಿರ ನಡೆಸಿದರು. ಒಬ್ಬರು ಕಜ್ಜಿಗೆ ಮುಲಾಮು ಹಚ್ಚಿದರು, ಒಬ್ಬರು ಉಗುರು ಕತ್ತರಿಸಿದರು. ಹಾಡು ಕಲಿಸಿದವರು ಇವರು, ಅದಕ್ಕೇ ಹಾಡಿನಕ್ಕ. ನಮ್ಮೂರ ಬಾಯಲ್ಲಿ ಹಕಾರ ಎಲ್ಲಿ ನಿಲ್ಲುತ್ತದೆ? ಎರಡೇ ದಿನಕ್ಕೆ ಆಡಿನಕ್ಕ ಆದರು.

ನನಗಾಗ ಒಂಬತ್ತು ವರ್ಷ. ಕೊನೆಯ ದಿನ ಊರವರ ಮುಂದೆ ನಾನೊಬ್ಬಳೇ ನಿಂತು ಹಾಡಬೇಕೆಂದು ಅಕ್ಕ ಹೇಳಿದಂದಿನಿಂದ ಖುಷಿಗೆ ಊಟವೂ ಸೇರುತ್ತಿರಲಿಲ್ಲ. ನಮ್ಮಪ್ಪನಿಗೆ ಮಾತ್ರ ಇದೆಲ್ಲ ಅಷ್ಟಕ್ಕಷ್ಟೆ. "ಅವ್ರ ದೇವ್ರು ಅವ್ರಿಗೆ, ನಮ್ ದೇವ್ರು ನಮ್ಗೆ. ಪದ ಕಲ್ತ್ಕೊ, ಬ್ಯಾಡ ಅನ್ನಕಿಲ್ಲ. ಒಂದೇ ಒಂದು ದೂರು ಬರ್ಲಿ, ಅವತ್ತೇ ಇಸ್ಕೂಲೂ ನಿಲ್ಸ್ಬುಡ್ತೀನಿ," ಎಂದಿದ್ದ. ನಮ್ಮ ಮನೆಗಳಲ್ಲಿ ಹಾಡಿಗೆ ಪದ ಅಂತಲೇ ಅನ್ನುವುದು.

ಎಂಟನೇ ದಿನ ಅಕ್ಕ, ತಪ್ಪಿಸಿಕೊಂಡ ಕುರಿಮರಿಯನ್ನು ಹುಡುಕಿ ತಂದವನ ಕತೆ ಹೇಳಿದರು. ಒಂಬತ್ತನೇ ದಿನ ಕೆಳಗಿನ ಬೀದಿಯ ಮಕ್ಕಳೆಲ್ಲ ಮದುವೆಗೆ ಹೋಗಿದ್ದರಿಂದ, "ನಾಳೆ ಎಲ್ಲರೂ ಒಂದೊಂದು ಹಾಡು ತರಬೇಕು ಅಂತ ಅವರಿಗೂ ಹೇಳು," ಎಂದು ನನ್ನನ್ನು ಕಳಿಸಿದರು. ಸಂಜೆ ಅವರು ವಾಪಸ್ ಬಂದ ಮೇಲೆ ನಾನು ಮನೆಮನೆಯ ಮುಂದೆ ನಿಂತು ಕೂಗಿದೆ: "ನಾಳೀಕೆ ಒಬ್ಬೊಬ್ರೂ ಒಂದೊಂದು ಆಡು ತರ್ಬೇಕಂತೆ! ಅಕ್ಕ ಯೋಳವ್ರೆ!"

ತಂದರು. ಹನ್ನೊಂದು ಆಡು!

"ಕುರಿ ಕತೆ ಯೋಳುದ್ರಲ್ಲ, ನಾಟ್ಕ ಮಾಡುಸ್ತಾರೆ ಅನ್ಕಂಡೊ," ಎಂದವು ಮಕ್ಕಳು. ಒಂದು ಆಡು ಬಣ್ಣದ ಕಾಗದದ ತೋರಣ ಮೇಯುತ್ತಿತ್ತು. ಇನ್ನೊಂದು ಮುಲಾಮಿನ ಮೇಜು ಹತ್ತಿತ್ತು. ನಮ್ಮ ಮನೆಯ ಗಬ್ಬದ ಆಡನ್ನೂ ಚಿಕ್ಕಪ್ಪನ ಮಗಳು ಎಳೆತಂದಿದ್ದಳು. ಜಗಲಿ ತುಂಬ ಮ್ಯಾ ಮ್ಯಾ, ಕೇಕೆ, ಓಡಾಟ. ಯಾರ ತಪ್ಪೆಂದು ನನಗಾಗ ಹೊಳೆಯಿತು. ಅಷ್ಟರಲ್ಲಿ ಆಡುಗಳ ಯಜಮಾನರೆಲ್ಲ ಬಂದರು, ಎಲ್ಲರಿಗಿಂತ ಮುಂದೆ ನಮ್ಮಪ್ಪ.

"ಆಡು ತರಾಕೆ ಯೋಳ್ದೋರ್ಯಾರು? ಏನು, ಇಲ್ಲಿ ಅಬ್ಬ ಮಾಡೀರಾ?"

ಮಕ್ಕಳೆಲ್ಲ ನನ್ನ ಕಡೆ ತಿರುಗಿದರು. ಅಕ್ಕ ಒಂದೇ ಹೆಜ್ಜೆಗೆ ನನ್ನ ಮುಂದೆ ಬಂದು ನಿಂತರು. "ಹೇಳಿದ್ದು ನಾನೇ. ತಪ್ಪು ನನ್ನದೇ."

"ಏನಂತ ಯೋಳುದ್ರಿ?"

"ಒಂದೊಂದು ಹಾಡು ತನ್ನಿ ಅಂತ."

"ಅದೇ ಕಣವ್ವ, ಆಡೇ ತಂದವ್ರಲ್ಲ!"

"ಆಡಲ್ಲ, ಹಾಡು!"

"ನಾನೂ ಅದ್ನೇ ಯೋಳ್ತಿರೋದು!"

ಅಕ್ಕನಿಗೆ ಬೇರೆ ದಾರಿ ತೋಚಲಿಲ್ಲ. ಕಣ್ಣು ಮುಚ್ಚಿಕೊಂಡು ಗಟ್ಟಿಯಾಗಿ ಒಂದು ಸಾಲು ಹಾಡಿಬಿಟ್ಟರು. "ಅಯ್, ಪದವಾ! ಪದ ಅನ್ಬಾರ್ದಾ ತಾಯಿ!" ಎಂದು ಅಪ್ಪ ನಕ್ಕ ರಭಸಕ್ಕೆ ಮೇಜಿನ ಮೇಲಿದ್ದ ಆಡು ಬೆದರಿ ಕೆಳಗೆ ಹಾರಿತು.

ಆಮೇಲೆ ನನ್ನ ಸರದಿ. ಅಕ್ಕ ಎದುರಿಗೆ ಕೂತು ಅಭ್ಯಾಸಬಲದಿಂದ ಅಂಗೈ ಎತ್ತಿದರು. ಹಾಡಿನಲ್ಲಿ "ಹುಡುಕಿ ಹುಡುಕಿ" ಎಂದಿತ್ತು, ನನ್ನ ಬಾಯಿಂದ "ಉಡ್ಕಿ ಉಡ್ಕಿ" ಎಂದೇ ಬಂತು. ಒಂಬತ್ತು ದಿನವೂ ಬಿಡದೆ ತಿದ್ದಿದವರು ಅವತ್ತು ಆ ಅಂಗೈಯನ್ನು ಕೆಳಗಿಳಿಸಿ ಚಪ್ಪಾಳೆ ತಟ್ಟತೊಡಗಿದರು. ಅಪ್ಪ ಆಡಿನ ಹಗ್ಗ ಹಿಡಿದುಕೊಂಡೇ ಕೊನೆಯವರೆಗೂ ಕೇಳಿದ. "ಚೆಂದಾಗ್ ಪದ ಯೋಳ್ತದೆ ನಮ್ ಮಗ. ಓದ್ಸಣ ಬುಡಿ," ಎಂದ. ನನಗೆ ಆಕಾಶಕ್ಕೆ ಮೂರೇ ಗೇಣು.

ಸಂಜೆ ವ್ಯಾನು ಹತ್ತುವಾಗ ಅಕ್ಕ ನನ್ನ ಕಿವಿಯಲ್ಲಿ, "ಹ ಯಾವತ್ತಾದರೂ ಸಿಗ್ತದೆ. ಅದಕ್ಕೆ ಹೆದರಿ ಬಾಯಿ ಮುಚ್ಚಬೇಡ ಮಾರಾಯ್ತಿ," ಎಂದರು.

ಆಮೇಲೆ ಪ್ರತಿವರ್ಷ ಶಾಲೆ ಶುರುವಾಗುವ ಹೊತ್ತಿಗೆ ಅವರ ಕಾಗದ ಬರುತ್ತಿತ್ತು. ಕೆಳಗೆ "ಇಂತಿ ನಿನ್ನ ಆಡಿನಕ್ಕ" ಎಂದೇ ಬರೆಯುತ್ತಿದ್ದರು. ನಾನು ಓದಿ ಕೆ.ಆರ್. ಪೇಟೆಯಲ್ಲಿ ಕನ್ನಡ ಮೇಡಂ ಆದೆ. ಮಕ್ಕಳ ಬಾಯಿಯ ಮುಂದೆ ನಾನೂ ಅಂಗೈ ಹಿಡಿಯುತ್ತೇನೆ, ಮಚ್ಚೆಯಿಲ್ಲ ಅಷ್ಟೆ. ಅವತ್ತಿನ ತಪ್ಪು ಯಾರದೆಂದು ಅಪ್ಪನಿಗೆ ಇಂದಿಗೂ ಹೇಳಿಲ್ಲ.

ಹೋದ ವರ್ಷ ಅಕ್ಕ ತೀರಿಕೊಂಡರು. ಮೈಸೂರಿನ ಸ್ಮಶಾನದಲ್ಲಿ ಪ್ರಾರ್ಥನೆ ಮುಗಿದ ಮೇಲೆ, "ನೀವೂ ಎರಡು ಮಾತು ಹೇಳಿ ಮೇಡಂ," ಎಂದು ಅವರ ಕಡೆಯವರು ಕರೆದರು. ದಿನಾ ಹ ಹೇಳಿಕೊಡುವ ಬಾಯಿ ನನ್ನದು. ಮಣ್ಣಿನ ಮುಂದೆ ನಿಂತಾಗ ಆ ಬಾಯಿಗೆ ಬಂದದ್ದು ಇಷ್ಟೆ:

"ಅಕ್ಕಾ, ಆಡು ತಂದಿವ್ನಿ."

ಮತ್ತೆ ಹಾಡಿದೆ, ಉಡ್ಕಿ ಉಡ್ಕಿ ಎಂದೇ.