ಕೊರಳಿಗೆ ಬಿದ್ದ ಸ್ಲೇಟು

ಆಸ್ಪತ್ರೆಯ ಬಟ್ಟೆಕೋಣೆಯಲ್ಲಿ ಮೂವತ್ತೆರಡು ವರ್ಷ ಚಾದರಗಳಿಗೆ ಇಸ್ತ್ರಿ ಹಾಕಿದವಳನ್ನು ಊರೆಲ್ಲ ಇಸ್ತ್ರಿಯಮ್ಮ ಎನ್ನುತ್ತಿತ್ತು. ಅವಳವ್ವನ ಭಾಷೆ ಬಲ್ಲವಳು ಈಗ ಅವಳೊಬ್ಬಳೇ. ಕೋಟೆ ಸೂರೆಹೋದ ಮೇಲೆ ದಿಡ್ಡಿಬಾಗಿಲು ಹಾಕಿದರಂತೆ, ಹಾಗೆ ಸರ್ಕಾರಕ್ಕೆ ಈಗ ಎಚ್ಚರವಾಗಿತ್ತು.

ಅಳಿಯುವ ಭಾಷೆ ಉಳಿಸುವ ಯೋಜನೆಯ ಅಧಿಕಾರಿ, ಮಗಳ ವಯಸ್ಸಿನ ಹೆಣ್ಣು, ರೆಕಾರ್ಡರ್ ಹಿಡಿದು ಬಟ್ಟೆಕೋಣೆಗೇ ಬಂದಳು. ಹಿಂದೆ ಶಾಲು ಹೊದ್ದ ಸಮಿತಿ ಅಧ್ಯಕ್ಷರು. ಅವರ ಮುಖ ಕಂಡದ್ದೇ ಇಸ್ತ್ರಿಯಮ್ಮನ ಮೈಯೆಲ್ಲ ಉರಿದುಹೋಯಿತು. ಅದೇ ಮೇಷ್ಟ್ರು! ಏಳು ವರ್ಷದವಳಿದ್ದಾಗ ಇವಳು ತರಗತಿಯಲ್ಲಿ ಅವ್ವನ ಭಾಷೆಯಲ್ಲಿ ನೀರು ಕೇಳಿದ್ದಕ್ಕೆ, 'ನಾನು ಕತ್ತೆ' ಎಂದು ಬರೆದ ಸ್ಲೇಟನ್ನು ಕೊರಳಿಗೆ ಕಟ್ಟಿ ಸಂಜೆಯವರೆಗೂ ಬಾಗಿಲಲ್ಲಿ ನಿಲ್ಲಿಸಿದ ಪುಣ್ಯಾತ್ಮ. ಅಂದಿನಿಂದ ಅವಳು ಮನೆಯಲ್ಲೂ ಆ ಭಾಷೆ ಆಡಲಿಲ್ಲ. ಸಾಯುವಾಗ ಅವ್ವ ಅದೇ ಭಾಷೆಯಲ್ಲಿ ಕರೆದಳು. ಇವಳ ಬಾಯಿಂದ ಉತ್ತರ ಹೊರಡಲಿಲ್ಲ. ಆಮೇಲೆ ಇಸ್ತ್ರಿಮೇಜಿನ ಮುಂದೆ ಒಬ್ಬಳೇ ಗೊಣಗಿಕೊಂಡೇ ಅದನ್ನು ಉಳಿಸಿಕೊಂಡಿದ್ದಳು.

"ನೀನು ನಮ್ಮ ಶಾಲೇಲೇ ಓದಿದ್ದಲ್ವೇನಮ್ಮ?" ಎಂದರು ಅಧ್ಯಕ್ಷರು. ಸ್ಲೇಟಿನ ನೆನಪು ಅವರಿಗೆಲ್ಲಿ!

"ಹೌದು ಸಾರ್. ಮರೆಯೋದುಂಟಾ?"

"ಬಾಲ್ಯದ ಒಂದು ನೆನಪು ಹೇಳಿ ಅಮ್ಮ. ಆಮೇಲೆ ಒಂದೊಂದೇ ಮಾತಿಗೆ ನಮಗೆ ತಿಳಿಯೋ ಹಾಗೆ ಅರ್ಥ ಹೇಳಿ, ಬರ್ಕೋತೀನಿ," ಎಂದಳು ಅಧಿಕಾರಿ.

"ಆಮೇಲೆ ಯಾರಾದ್ರೂ ಅಳಿಸಿಬಿಟ್ರೆ?"

"ಒಂದು ಮಾತೂ ಅಳಿಸೋ ಹಾಗಿಲ್ಲ. ಅಧ್ಯಕ್ಷರೇ ಮಾಡಿದ ನಿಯಮ."

ಇಸ್ತ್ರಿಯಮ್ಮನ ಹೊಟ್ಟೆಗೆ ಹಾಲು ಹುಯ್ದಂತಾಯಿತು. ಹತ್ತು ನಿಮಿಷ ಅವ್ವನ ಭಾಷೆಯಲ್ಲಿ ಒಂದೇ ಸಮನೆ ಮಾತಾಡಿದಳು. ಅಧ್ಯಕ್ಷರು ಕಣ್ಣು ಮುಚ್ಚಿ ತಲೆದೂಗಿದರು. "ಆಹಾ, ಎಷ್ಟು ಇಂಪಾಗಿದೆ!"

ಆಮೇಲೆ ಅವಳು ಅರ್ಥ ಹೇಳತೊಡಗಿದಳು. ನೀರು, ಸ್ಲೇಟು, ಕತ್ತೆ, ನಕ್ಕ ಮಕ್ಕಳು, ಉತ್ತರ ಸಿಗದೆ ಸತ್ತ ಅವ್ವ. ಒಂದೂ ಬಿಡಲಿಲ್ಲ. ಅಧ್ಯಕ್ಷರ ಮುಖ ಹಿಂಡಿದ ಬಟ್ಟೆಯಾಯಿತು.

"ಅದನ್ನ ನಿಲ್ಸಮ್ಮ! ಅಳಿಸು ಮೊದ್ಲು!"

"ನಿಯಮ ಸಾರ್," ಎಂದಳು ಅಧಿಕಾರಿ, ತಲೆಯೆತ್ತದೆ ಬರೆಯುತ್ತ.

"ಇವರ ಹೆಸರು ಇನಿಷಿಯಲ್ ಸಮೇತ ಬರ್ಕೊಳ್ಳಮ್ಮ," ಎಂದಳು ಇಸ್ತ್ರಿಯಮ್ಮ.

ಅಧ್ಯಕ್ಷರು ಹೊರಟುಹೋದ ಮೇಲೆ ಅಧಿಕಾರಿ ಮೆಲ್ಲಗೆ ಕೇಳಿದಳು: "ಅಮ್ಮ, ನಿಮ್ಮವ್ವ ಹಾಡ್ತಿದ್ದ ಹಾಡು ಯಾವುದಾದ್ರೂ?"

ಹಾಡುಗಳು ನಾಲಿಗೆ ತುದಿಯಲ್ಲೇ ಇದ್ದವು. ಇಸ್ತ್ರಿಯಮ್ಮ ನುಂಗಿಕೊಂಡಳು.

"ಇಲ್ಲ ಮಗಳೇ. ನಮ್ಮ ಭಾಷೇಲಿ ಉಳಿಯೋದು ಆ ಮೇಷ್ಟ್ರ ಕಥೆ ಒಂದೇ."

ಕಣ್ಣೊರೆಸಿಕೊಂಡು ಮುಂದಿನ ಚಾದರ ಎಳೆದುಕೊಂಡಳು.